ಜಪಾನಿನಿಂದ ಬಂದ ತಂಗಿ

ಥಾಯ್ಲೆಂಡಿನ ನಮ್ಮ ಟೂರಿಗೆ ಆ ಬುಕಿಂಗ್ ಬಂದದ್ದು ಡಿಸೆಂಬರಿನ ಒಂದು ಗುರುವಾರ. ಶನಿವಾರಕ್ಕೆ ಒಬ್ಬರೇ ಅತಿಥಿ, ಇಡೀ ದಿನ, ವ್ಯಾನು ಅವರೊಬ್ಬರಿಗೇ. ವಯಸ್ಸು ಎಪ್ಪತ್ತೊಂದು. ದೇಶ: ಜಪಾನ್.

‘ನಿಮ್ಮ ಇಷ್ಟದಂತೆ ಏನೇನು ಸೇರಿಸಬೇಕು’ ಅಂತ ನಾವು ಕೇಳುವ ಜಾಗದಲ್ಲಿ ಜನ ಸಾಮಾನ್ಯವಾಗಿ ಖಾರ ಬೇಡ, ಆನೆ ಬೇಕು, ಏಸಿ ಜೋರಾಗಿರಲಿ ಅಂತೆಲ್ಲ ಬರೆಯುತ್ತಾರೆ. ಇಲ್ಲಿ ಮೂರೇ ಸಾಲು ಇತ್ತು. ಮೇಕ್ಲೋಂಗ್ ರೈಲು ಹಳಿ ಮಾರುಕಟ್ಟೆಯಲ್ಲಿ ಬುನ್‌ರುವಾನ್ ಅಜ್ಜಿಯ ಪಡ್ಡಿನ ಅಂಗಡಿ. ಆಮೇಲೆ ಅಲ್ಲಿಂದ ಮುಂದೆ ಕಾಲುವೆ ದಂಡೆಯಲ್ಲಿರುವ ಬುದ್ಧನ ಗುಡಿ, ಅದರಲ್ಲಿ ಎಡಗಡೆಯ ಮೂರನೇ ಕಿಟಕಿ. ಗೈಡ್ ಹೆಚ್ಚು ಪ್ರಶ್ನೆ ಕೇಳಕೂಡದು.

ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕಿಟಕಿ ನೋಡುವುದಕ್ಕೆ ಅಂತ ಯಾರೂ ಬಂದಿರಲಿಲ್ಲ. ಅದಿರಲಿ, ನನಗೆ ಇಂಗ್ಲಿಷ್ ಬರುತ್ತದೆ, ಜಪಾನಿ ಭಾಷೆ ಬರುವುದಿಲ್ಲ. ನನ್ನ ಜೊತೆ ವ್ಯಾನು ಓಡಿಸುವ ಪ್ರಯೂನ್ ಮಾಮನಿಗೆ ಹೇಳಿದರೆ, “ಬಗ್ಗಿ ಬಗ್ಗಿ ನಕ್ರೆ ಅರ್ಧ ಭಾಷೆ ಆಗೋಯ್ತು, ಇನ್ನರ್ಧ ಅವರೇ ಮಾತಾಡ್ಕೋತಾರೆ ಬಿಡಮ್ಮಾ ಕಾನ್” ಅಂದ. ಆದರೂ ಎರಡು ದಿನ ಫೋನಿನಲ್ಲಿ ನೋಡಿ ನೋಡಿ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡೆ.

ಶನಿವಾರ ಬೆಳಿಗ್ಗೆ ಕೊಟ್ಟ ವಿಳಾಸಕ್ಕೆ ಹೋದರೆ ಅದು ಹೋಟೆಲ್ ಅಲ್ಲ. ನಮ್ಮದೇ ಊರಿನ ಥೋನ್‌ಬುರಿ ಬಡಾವಣೆಯ ಒಂದು ಸಂದಿಯಲ್ಲಿ ಹಸಿರು ಗೇಟಿನ ಮನೆ. ಒಳಗಿಂದ ಒಬ್ಬಳು ಕಾಲೇಜು ಹುಡುಗಿ, ಅವಳ ಹಿಂದೆ ಅತಿಥಿ. ತಲೆ ಮೇಲೆ ಬುಟ್ಟಿಯಷ್ಟು ದೊಡ್ಡ ಟೋಪಿ, ಕಪ್ಪು ಕನ್ನಡಕ, ಮೂಗು ಬಾಯಿಗೆ ಮಾಸ್ಕು, ಕುತ್ತಿಗೆಗೆ ಹೂವಿನ ಮಫ್ಲರು. ಕಣ್ಣಿಗೆ ಕಾಣುವ ಚರ್ಮ ಅಂದರೆ ಕಿವಿಯದ್ದು ಮಾತ್ರ. ಮೈಯಿಂದ ನಮ್ಮಜ್ಜಿ ಹಚ್ಚುತ್ತಿದ್ದ ನೋವಿನ ಮುಲಾಮಿನ ವಾಸನೆ ಗಮ್ಮೆಂದಿತು.

ನಾನು ಸೊಂಟ ಬಗ್ಗಿಸಿ, ಕಲಿತ ನಾಲ್ಕೂ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

“ಸಾಕು ಸಾಕು, ಗಂಟಲು ಯಾಕೆ ಹರ್ಕೋತೀಯ” ಅಂದಿತು ಟೋಪಿ, ಅಚ್ಚ ಮೇಕ್ಲೋಂಗ್ ಎಳೆತದ ಥಾಯ್‌ನಲ್ಲಿ. “ಬಾಗಿಲು ತೆಗಿ. ಸಂಜೆವರೆಗೂ ನಾನು ಜಪಾನಿನವಳು. ಗೊತ್ತಾಯ್ತಾ?”

ಹುಡುಗಿ ಫಾಂಗ್, ಮೊಮ್ಮಗಳಂತೆ, ನನ್ನನ್ನು ನೋಡಿ ಕೈಮುಗಿದಳು. “ಅಕ್ಕಾ, ಹೇಗಾದ್ರೂ ಕರ್ಕೊಂಡು ಹೋಗಿ ಬನ್ನಿ. ಎರಡು ತಿಂಗಳಿಂದ ಮನೇಲಿ ಇದೇ ಆಗಿದೆ.”

ವ್ಯಾನು ಮುಖ್ಯರಸ್ತೆಗೆ ಬರುವಷ್ಟರಲ್ಲಿ, ಪ್ರಶ್ನೆ ಕೇಳಬಾರದು ಅಂತ ಬರೆಸಿದ್ದವಳೇ ಎಲ್ಲ ಹೇಳಲು ಶುರುಮಾಡಿದಳು. ಹೆಸರು ಸಾಯ್‌ಬುವಾ. ಬುನ್‌ರುವಾನ್ ಅವಳ ಸ್ವಂತ ಅಕ್ಕ, ಮೂರು ವರ್ಷ ದೊಡ್ಡವಳು. ಹದಿನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

“ಯಾಕಜ್ಜಿ?” ಅಂದೆ.

“ಅದು ಕಿಟಕಿ ಹತ್ರ ಹೋದಾಗ ಗೊತ್ತಾಗತ್ತೆ. ಈಗ ಕೇಳು. ಅವಳ ಪಡ್ಡು ಈಗ ಭಾರಿ ಹೆಸರು ಮಾಡಿದೆಯಂತೆ. ಜನ ಸಾಲುಗಟ್ಟಿ ನಿಂತು ಫೋಟೋ ಹೊಡ್ಕೋತಾರಂತೆ. ಅದು ನಮ್ಮಮ್ಮನ ಕೈರುಚಿ. ಅವಳು ಸರಿಯಾಗಿ ಮಾಡ್ತಾಳೋ ಕೆಡಿಸ್ತಾಳೋ ನನಗೆ ತಿಂದು ನೋಡ್ಬೇಕು. ನಾನು ಬಂದಿದ್ದೆ ಅಂತ ಮಾತ್ರ ಅವಳಿಗೆ ಗೊತ್ತಾಗಕೂಡದು.”

“ಸ್ವಂತ ತಂಗಿ ಗುರುತು ಸಿಗದೇ ಇರತ್ತಾ?”

“ಕಣ್ಣಿಗೆ ಪೊರೆ ಬಂದಿದೆಯಂತೆ ಅವಳಿಗೆ. ಎದುರಿಗೆ ಎಮ್ಮೆ ಬಂದ್ರೂ ಕಾಣಲ್ವಂತೆ.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಯಾರಿಗೂ ಅಲ್ಲದಂತೆ, “ಅಷ್ಟೂ ಕಾಣದೆ ಬಿಸಿ ಹಂಚಿನ ಮುಂದೆ ಅದು ಹೇಗೆ ಕೂತ್ಕೋತಾಳೋ ಏನೋ” ಅಂದಳು.

ಪ್ರಯೂನ್ ಮಾಮ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ.

ಮೇಕ್ಲೋಂಗ್‌ನಲ್ಲಿ ಹಳಿಯ ಎರಡೂ ಕಡೆ ಅಂಗಡಿ, ಮೇಲೆ ಒಂದಕ್ಕೊಂದು ತಾಗಿದ ಬಟ್ಟೆಯ ಚಪ್ಪರ, ಹಳಿಯ ಮೇಲೇ ಮೀನಿನ ಬುಟ್ಟಿ, ಸೊಪ್ಪಿನ ತಟ್ಟೆ. ಬುನ್‌ರುವಾನ್ ಅಜ್ಜಿಯ ಅಂಗಡಿ ನಡುಮಧ್ಯ. ನಿಜಕ್ಕೂ ಸಾಲಿತ್ತು. ಸಣ್ಣ ಮಣೆಯ ಮೇಲೆ ಕುಳಿತ ಮುದುಕಿ ಒಂದು ಕೈಯಲ್ಲಿ ಹಿಟ್ಟು ಹೊಯ್ಯುತ್ತ, ಇನ್ನೊಂದು ಕೈಯಲ್ಲಿ ತೆಂಗಿನ ಹಾಲು ಸುರಿಯುತ್ತ, ಬೆಂದ ಅರ್ಧವನ್ನು ಇನ್ನೊಂದು ಅರ್ಧದ ಮೇಲೆ ಮಗುಚಿ ಬಾಳೆಲೆಯ ದೊನ್ನೆಗೆ ಹಾಕುತ್ತಿದ್ದಳು. ಅವಳ ಕೈ ಓಡುವುದನ್ನು ನೋಡಿದರೆ ಪೊರೆ ಬಂದ ಕಣ್ಣು ಅನ್ನಿಸಲಿಲ್ಲ. ಆದರೆ ಹೇಳುವುದಕ್ಕೆ ಸಮಯವಿರಲಿಲ್ಲ, ನಮ್ಮ ಸರದಿ ಬಂದೇಬಿಟ್ಟಿತ್ತು.

“ಅಜ್ಜಿ, ಜಪಾನಿನಿಂದ ಅತಿಥಿ ಬಂದಿದ್ದಾರೆ. ಒಂದು ದೊನ್ನೆ ಕೊಡಿ” ಅಂದೆ.

ಬುನ್‌ರುವಾನ್ ತಲೆ ಎತ್ತಿದಳು. ಟೋಪಿಯಿಂದ ಕಾಲಿನವರೆಗೆ ಒಮ್ಮೆ, ಕಾಲಿನಿಂದ ಟೋಪಿಯವರೆಗೆ ಇನ್ನೊಮ್ಮೆ ನೋಡಿದಳು. ನಮ್ಮಲ್ಲಿ ಚಿಕ್ಕವರು ದೊಡ್ಡವರಿಗೆ ಮೊದಲು ಕೈಮುಗಿಯಬೇಕು. ಸಾಯ್‌ಬುವಾ ಮುಗಿಯಲಿಲ್ಲ. ಎರಡೂ ಕೈ ತೊಡೆಗೆ ಅಂಟಿಸಿಕೊಂಡು, ಸಿನಿಮಾದಲ್ಲಿ ನೋಡಿದಂತೆ ಸೊಂಟದಿಂದ ಬಗ್ಗಿ, “ಅರಿಗಾತೋ” ಅಂದಳು.

“ಪರವಾಗಿಲ್ಲ, ಬಗ್ಗೋದನ್ನ ಕಲಿತಿದ್ದಾರೆ” ಅಂದಳು ಬುನ್‌ರುವಾನ್. ಪಕ್ಕದ ಅಂಗಡಿಯ ಮೀನಿನ ಉರೈ ಕಡೆ ತಿರುಗಿ, “ನೋಡೇ ಉರೈ, ಜಪಾನಿನವರು. ಆಪರೇಷನ್ ಆದಾಗಿನಿಂದ ನಂಗೆ ಎಷ್ಟು ಚೆನ್ನಾಗಿ ಕಾಣತ್ತೆ ಅಂದ್ರೆ, ಇವರ ಎಡಗಿವಿ ಕೆಳಗಿನ ಮಚ್ಚೆ ಕೂಡ ಕಾಣ್ತಿದೆ.”

ನನ್ನ ಪಕ್ಕದ ಟೋಪಿ ಕಲ್ಲಾಗಿ ನಿಂತಿತು. ಒಂದು ಕೈ ಮಾತ್ರ ಮೆಲ್ಲಗೆ ಮೇಲೆ ಹೋಗಿ ಕಿವಿ ಮುಚ್ಚಿಕೊಂಡಿತು.

“ಹುಡುಗಿ, ನೀನು ಇವರಿಗೆ ತರ್ಜುಮೆ ಮಾಡ್ತೀಯ ತಾನೆ?” ಬುನ್‌ರುವಾನ್ ಕೇಳಿದಳು.

“ಹೂಂ ಅಜ್ಜಿ” ಅಂದೆ. ಬೇರೆ ಏನು ಅನ್ನಲಿ?

“ಕೇಳು ಹಾಗಾದ್ರೆ. ಜಪಾನಿನಲ್ಲಿ ತಂಗಿ ಅನ್ನಿಸ್ಕೊಂಡವಳು ಅಕ್ಕ ಸತ್ತಳೋ ಬದುಕಿದಳೋ ಅಂತ ಹದಿನಾಲ್ಕು ವರ್ಷಕ್ಕೊಂದು ಸಲ ಬಂದು ನೋಡೋದು ವಾಡಿಕೆಯಾ?”

ನಾನು ಸಾಯ್‌ಬುವಾ ಕಡೆ ತಿರುಗಿ, ಆ ನಾಲ್ಕು ಮಾತನ್ನೇ ಹಿಂದು ಮುಂದು ಮಾಡಿ ಹೇಳಿದೆ. ಮಾಸ್ಕಿನೊಳಗೆ ಉಸಿರು ಬುಸುಗುಟ್ಟುವುದು ಕೇಳಿಸುತ್ತಿತ್ತು. ಉತ್ತರ ಬಂತು: “ತೆಂಪುರಾ! ಸುಕಿಯಾಕಿ ವಾಸಾಬಿ ಕರಾಟೆ!”

“ಏನಂತೆ?”

“ಅದು… ಅಲ್ಲಿ ಅಕ್ಕಂದಿರು ಮೊದಲು ಕರೀಬೇಕಂತೆ.”

“ಹೌದಾ? ಇಲ್ಲಿ ಹಾಗಲ್ಲ ಅಂತ ಹೇಳು.” ಬುನ್‌ರುವಾನ್ ಹಂಚಿನ ಮೇಲೆ ಬೇಯುತ್ತಿದ್ದ ಪಡ್ಡುಗಳಿಗೆಲ್ಲ ಈರುಳ್ಳಿ ಸೊಪ್ಪನ್ನು ಹಿಡಿ ಹಿಡಿಯಾಗಿ ಉದುರಿಸಿದಳು. ಬೇರೆಯವರಿಗೆ ಚಿಟಿಕೆ ಹಾಕುತ್ತಿದ್ದವಳು. “ಜಪಾನಿನವರಿಗೆ ಈರುಳ್ಳಿ ಸೊಪ್ಪು ಅಂದ್ರೆ ಪ್ರಾಣ. ನನ್ನ ತಂಗಿಗೆ ಆಗ್ತಿರಲಿಲ್ಲ. ಚಿಕ್ಕೋಳಿದ್ದಾಗ ಒಂದೊಂದೇ ಎಳೆ ಆರಿಸಿ ನನ್ನ ತಟ್ಟೆಗೆ ಹಾಕೋಳು. ಇವರೇನು ನನ್ನ ತಂಗೀನಾ?”

ಸಾಯ್‌ಬುವಾ ಮಾಸ್ಕು ಗದ್ದಕ್ಕೆ ಇಳಿಸಿ ತಿಂದಳು. ಒಂದೂ ಎಳೆ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದಿರಬೇಕು, ಕಪ್ಪು ಕನ್ನಡಕದ ಅಂಚಿನಿಂದ ಒಂದು ಹನಿ ಇಳಿಯಿತು. ಈರುಳ್ಳಿಗೋ, ಅಮ್ಮನ ಕೈರುಚಿಗೋ ನನಗೆ ಗೊತ್ತಿಲ್ಲ. ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಹೊರಗೆ ಗರಿಗರಿ, ಒಳಗೆ ಕೆನೆ, ನಾಲಿಗೆ ಮೇಲೆ ಇಟ್ಟರೆ ಇಲ್ಲ.

“ಹೇಗಿದೆಯಂತೆ ಕೇಳು.”

“ಸುಮೊ” ಅಂದಳು ಸಾಯ್‌ಬುವಾ, ಅಕ್ಕನ ಸೊಂಟದ ಸುತ್ತಳತೆಯನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತ.

“ನೀವು ಗಟ್ಟಿಮುಟ್ಟಾಗಿದ್ದೀರಿ ಅಂತಾರೆ” ಅಂದೆ.

ಇಷ್ಟರಲ್ಲಿ ಸಿಳ್ಳೆ ಕೇಳಿಸಿತು. ಹನ್ನೊಂದರ ರೈಲು. ಒಂದು ಕ್ಷಣದಲ್ಲಿ ಇಡೀ ಮಾರುಕಟ್ಟೆ ಎದ್ದು ನಿಂತಿತು. ಚಪ್ಪರಗಳು ಒಂದರ ಹಿಂದೆ ಒಂದು ಮಡಚಿಕೊಂಡವು, ತಟ್ಟೆ ಬುಟ್ಟಿ ಎಲ್ಲ ಹಿಂದೆ ಸರಿದವು, ಪ್ರವಾಸಿಗಳು ಫೋನು ಎತ್ತಿ ಹಿಡಿದರು. ಬುನ್‌ರುವಾನ್ ತನ್ನ ಚಪ್ಪರದ ಕೋಲು ಎಳೆದಳು. ಅದು ಬರಲಿಲ್ಲ. ಮೇಲೆ ಹಗ್ಗ ಎಲ್ಲೋ ಸಿಕ್ಕಿಕೊಂಡಿತ್ತು. ಮತ್ತೆ ಎಳೆದಳು. ರೈಲಿನ ಹಳದಿ ಮೂತಿ ತಿರುವಿನಲ್ಲಿ ಕಾಣಿಸಿತು.

ನಾನು ಬಾಯಿ ತೆರೆಯುವ ಮೊದಲೇ ಸಾಯ್‌ಬುವಾ ದೊನ್ನೆ ನನ್ನ ಕೈಗೆ ತುರುಕಿ ಒಳಕ್ಕೆ ನುಗ್ಗಿದ್ದಳು. ಎಡಗೈಯಿಂದ ಮೂಲೆಯ ಗಂಟು ಕಿತ್ತು, ಬಲಗೈಯಿಂದ ಕೋಲು ತಿರುಗಿಸಿ ಚಪ್ಪರ ಗೋಡೆಗೆ ಒರಗಿಸಿ, ಕಾಲಿನಿಂದ ಹಿಟ್ಟಿನ ಪಾತ್ರೆ ಹಿಂದಕ್ಕೆ ನೂಕಿ, ಅಕ್ಕನ ತೋಳು ಹಿಡಿದು ಪಕ್ಕಕ್ಕೆಳೆದು ನಿಲ್ಲಿಸಿಕೊಂಡಳು. ಎಲ್ಲ ಸೇರಿ ಹತ್ತು ಎಣಿಸುವಷ್ಟು ಹೊತ್ತೂ ಆಗಲಿಲ್ಲ. ರೈಲು ಅವರಿಬ್ಬರ ಮೂಗಿನ ಮುಂದೆ, ಒಂದು ಮೊಳ ದೂರದಲ್ಲಿ, ಮೆಲ್ಲಗೆ ತೆವಳಿಕೊಂಡು ಹೋಯಿತು.

ಉರೈ ಮೀನಿನ ಬುಟ್ಟಿಗಳನ್ನು ಮತ್ತೆ ಹಳಿಯ ಮೇಲೆ ಜೋಡಿಸುತ್ತ, “ಜಪಾನಿನವರು ಎಷ್ಟು ಬೇಗ ಕಲೀತಾರಪ್ಪಾ” ಅಂದಳು.

“ಬೇಗ ಎಲ್ಲಿ?” ಅಂದಳು ಬುನ್‌ರುವಾನ್. “ಇಲ್ಲೇ ಹುಟ್ಟಿ ಇಪ್ಪತ್ತು ವರ್ಷ ಕಲ್ತಿದ್ದಾರೆ.”

ಸುತ್ತಮುತ್ತ ಎಲ್ಲರೂ ನಕ್ಕರು. ಸಾಯ್‌ಬುವಾ ಮಾತ್ರ ಮಾಸ್ಕು ಮೇಲೇರಿಸಿಕೊಂಡು, ಟೋಪಿ ಸರಿಮಾಡಿಕೊಂಡು, ನೆಟ್ಟಗೆ ನಿಂತು, “ಅರಿಗಾತೋ” ಅಂದಳು. ಸೋಲು ಒಪ್ಪುವ ಜಾತಿಯಲ್ಲ ಅವಳು. ಅಕ್ಕನೂ ಅಷ್ಟೇ.

“ಮುಂದೆ ಎಲ್ಲಿಗೆ ಕರ್ಕೊಂಡು ಹೋಗ್ತೀಯ ಇವರನ್ನ?” ಅಂತ ಬುನ್‌ರುವಾನ್ ನನ್ನನ್ನು ಕೇಳಿದಳು.

“ಕಾಲುವೆ ಗುಡಿಗೆ ಅಜ್ಜಿ.”

“ಒಳ್ಳೇದಾಯ್ತು. ನಿನಗೆ ಅಲ್ಲಿನ ವಿಷಯ ಏನು ಗೊತ್ತು? ನಾನೂ ಬರ್ತೀನಿ. ಉರೈ, ಒಲೆ ನೋಡ್ಕೋ.”

ಸೆರಗಿನಂತೆ ಕಟ್ಟಿದ್ದ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ನಮಗಿಂತ ಮುಂಚೆ ವ್ಯಾನಿನ ಹತ್ತಿರ ಹೋಗಿ, ನಾನು ಕೂರುವ ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು. ನನ್ನ ಮೈಕು ಅಲ್ಲೇ ಇತ್ತು. ಅದನ್ನೂ ಎತ್ತಿಕೊಂಡಳು.

ನನ್ನ ಕೆಲಸ ಅಲ್ಲಿಗೆ ಹೋಯಿತು. ನಾನು ಜೀವಮಾನದಲ್ಲಿ ಕೇಳಿದ ಅತ್ಯುತ್ತಮ ವಿವರಣೆಯನ್ನು ಆ ಐದಾರು ಕಿಲೋಮೀಟರಿನಲ್ಲಿ ಕೇಳಿದೆ.

“ಅತಿಥಿಗಳೇ, ಎಡಗಡೆ ನೋಡಿ. ಈ ಕಾಲುವೆಯಲ್ಲಿ ನನ್ನ ತಂಗಿ ಅಂತ ಒಬ್ಬಳು, ದಂಡೆ ಮೇಲೆ ನಿಂತ ಪೊಲೀಸ್ ಪೇದೆಯನ್ನ ನೋಡ್ತಾ ನೋಡ್ತಾ ದೋಣಿಯನ್ನ ಸೇತುವೆ ಕಂಬಕ್ಕೆ ಗುದ್ದಿ, ನಲವತ್ತು ತೆಂಗಿನಕಾಯಿ ಸಮೇತ ಮುಳುಗಿದಳು. ತೆಂಗಿನಕಾಯಿ ತೇಲಿದವು. ಇವಳು ತೇಲಲಿಲ್ಲ. ತರ್ಜುಮೆ ಮಾಡು ಹುಡುಗಿ.”

“ಕಿಮೋನೊ!” ಹಿಂದಿನಿಂದ ಗುಡುಗು.

“ಬಲಗಡೆ ನೋಡಿ, ಶಾಲೆ. ಇಲ್ಲಿ ನನ್ನ ತಂಗಿ ಮೇಷ್ಟ್ರ ಕುರ್ಚಿಗೆ ಹಲಸಿನ ಅಂಟು ಮೆತ್ತಿದಳು. ಅವಳಿಗೆ ಬುತ್ತಿ ಕೊಡೋಕೆ ನಾನು ಬಂದಿದ್ದೆ. ಹೊಡೆತ ಯಾರಿಗೆ ಬಿತ್ತು? ನನಗೆ. ಯಾಕೆ? ನಾನು ಮಾಡಿದ್ದು ಅಂತ ಒಪ್ಕೊಂಡೆ. ಯಾಕೆ ಒಪ್ಕೊಂಡೆ? ಅದನ್ನ ಜಪಾನಿನಲ್ಲಿ ಯಾರಾದ್ರೂ ಹೇಳಲಿ.”

ಹಿಂದಿನ ಸೀಟಿನ ಟೋಪಿ ಶಾಲೆಗೆ ಬೆನ್ನು ಹಾಕಿ ಇನ್ನೊಂದು ಕಡೆಗೆ ತಿರುಗಿತು. ಪ್ರಯೂನ್ ಮಾಮನ ಹೊಟ್ಟೆ ಸ್ಟೀರಿಂಗಿನ ಹಿಂದೆ ಕುಲುಕುತ್ತಿತ್ತು. ಗುಡಿಯ ತಿರುವು ಬಂದದ್ದೂ ಅವನಿಗೆ ಕಾಣದೆ ವ್ಯಾನು ಮುಂದೆ ಹೋಗಿ, ಮತ್ತೆ ಹಿಂದೆ ಬರಬೇಕಾಯಿತು.

ಗುಡಿ ದೊಡ್ಡದಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಇಬ್ಬರೂ ಮುದುಕಿಯರು ಬುದ್ಧನ ಮುಂದೆ ಮಂಡಿಯೂರಿ ಮೂರು ಸಲ ನೆಲಕ್ಕೆ ಹಣೆ ಹಚ್ಚಿದರು. ಜಪಾನಿನವಳೂ ಅದೇ ಲೆಕ್ಕಕ್ಕೆ ಏಳುವುದು ಬಗ್ಗುವುದು, ಮೊಣಕಾಲು ಲಟಕ್ಕೆಂದರೆ ಇಬ್ಬರದೂ ಒಟ್ಟಿಗೇ. ಎದ್ದವಳೇ ಸಾಯ್‌ಬುವಾ ನೇರವಾಗಿ ಎಡಗಡೆಯ ಮೂರನೇ ಕಿಟಕಿಗೆ ಹೋದಳು. ಕಪ್ಪು ಅರಗಿನ ಬಾಗಿಲುಗಳ ಮೇಲೆ ಚಿನ್ನದ ಬಳ್ಳಿ. ಕೆಳಗೆ, ದಾನ ಕೊಟ್ಟವರ ಹೆಸರು ಚಿನ್ನದ ಅಕ್ಷರದಲ್ಲಿ: ‘ಬುನ್‌ರುವಾನ್ ಮತ್ತು ಕುಟುಂಬ. ತಂದೆತಾಯಿಯರ ಪುಣ್ಯಕ್ಕೆ.’

ಅವಳು ಕನ್ನಡಕ ತೆಗೆದಳು, ಮಾಸ್ಕು ತೆಗೆದಳು, ಟೋಪಿ ತೆಗೆದು ನನ್ನ ಕೈಗೆ ಕೊಟ್ಟಳು. ಜಪಾನ್ ಅಲ್ಲಿಗೆ ಮುಗಿಯಿತು.

“ಮತ್ತು ಕುಟುಂಬ!” ಅಂದಳು. “ಮತ್ತು ಕುಟುಂಬ ಅಂತೆ! ಮದುವೆಯ ಓಲೆ ಬಿಚ್ಚಿ ಕೊಟ್ಟಿದ್ದೆ ಕಣೇ ಈ ಕಿಟಕಿಗೆ. ಗಂಡನಿಗೂ ಹೇಳದೆ. ಪೂಜೆ ದಿನ ಅವನ ಕಡೆಯವರನ್ನೆಲ್ಲ ಕರ್ಕೊಂಡು ಬಂದು, ನನ್ನ ಹೆಸರಿದೆ ನೋಡಿ ಅಂತ ತೋರಿಸೋಕೆ ನಿಂತ್ರೆ, ನಾನು ಯಾರು? ‘ಮತ್ತು ಕುಟುಂಬ’. ನಮ್ಮತ್ತೆ ಸಾಯೋವರೆಗೂ ನನ್ನನ್ನ ಹಾಗೇ ಕರೆದಳು. ‘ಮತ್ತು ಕುಟುಂಬ, ಅನ್ನ ಹಾಕು’ ಅಂತ!”

ಬುನ್‌ರುವಾನ್ ಬಾಯಿ ಬಿಟ್ಟುಕೊಂಡು ನೋಡಿದಳು. “ಇದಕ್ಕಾ?”

“ಇದಕ್ಕಾ ಅಂತ ಕೇಳ್ತಾಳೆ!”

“ಅಲ್ವೇ, ಬರೆಯೋನು ಬಂದು ಯಾರ್ಯಾರ ಹೆಸರು ಹಾಕ್ಲಿ ಅಂದ. ನನ್ನದು, ನಮ್ಮ ಮನೆಯವರದ್ದು ಅಂದೆ. ನನಗೇನು ಗಂಡ ಇದಾನಾ? ಮಕ್ಕಳಿದ್ದಾವಾ? ಒಂದು ಬೆಕ್ಕೂ ನಿಲ್ಲಲ್ಲ ನನ್ನ ಮನೇಲಿ. ಅಪ್ಪ ಅಮ್ಮ ಹೋದ ಮೇಲೆ ನನ್ನ ಕುಟುಂಬ ಅಂದ್ರೆ ಯಾರೇ? ಎಣಿಸು ನೋಡೋಣ. ನೀನೊಬ್ಬಳೇ ತಾನೆ?”

ನನಗೆ ಅಲ್ಲಿ ನಿಂತಿರಬಾರದು ಅನ್ನಿಸಿತು. ಆದರೆ ಟೋಪಿ, ಕನ್ನಡಕ, ಮಾಸ್ಕು ಎಲ್ಲ ನನ್ನ ಕೈಯಲ್ಲಿತ್ತು. ಸಾಯ್‌ಬುವಾ ಆ ಅಕ್ಷರಗಳ ಹತ್ತಿರಕ್ಕೆ ಬಗ್ಗಿದಳು. ಬೆರಳಿನಿಂದ ‘ಕುಟುಂಬ’ದ ಮೇಲೆ ಕುಳಿತ ಧೂಳು ಒರೆಸಿದಳು. ಆ ಧೂಳಿನ ಬೆರಳನ್ನೇ ಅಕ್ಕನ ಕಡೆ ಚಾಚಿದಳು.

“ಕುಟುಂಬ ಅಂತ ಬರೆಯೋ ಜಾಗದಲ್ಲಿ ಸಾಯ್‌ಬುವಾ ಅಂತ ಹಿಡೀತಿರಲಿಲ್ವಾ?”

“ನನಗೆ ಓದೋಕೆ ಬಂದಿದ್ರೆ ಹೇಳ್ತಿದ್ದೆ. ನಿನ್ನನ್ನ ಶಾಲೆಗೆ ಕಳಿಸಿ ನಾನು ಹಂಚಿನ ಮುಂದೆ ಕೂತೆ. ಹದಿನಾಲ್ಕು ವರ್ಷ ಒಂದು ಸಲ ಬಂದು ಕೇಳೋಕೇನಾಗಿತ್ತು ನಿನಗೆ?”

“ನೀನು ಬಂದು ಹೇಳೋಕೇನಾಗಿತ್ತು?”

“ಯಾತಕ್ಕೆ ಮುನಿಸ್ಕೊಂಡಿದ್ದೀಯ ಅಂತ ಗೊತ್ತಿದ್ರೆ ತಾನೆ! ನಾನು ತಿಳ್ಕೊಂಡಿದ್ದು ಆ ಹಲಸಿನ ಹಣ್ಣಿನ ವಿಷಯ ಅಂತ.”

ಸಾಯ್‌ಬುವಾ ತಟ್ಟನೆ ತಿರುಗಿದಳು. “ಯಾವ ಹಲಸಿನ ಹಣ್ಣು?”

ಬುನ್‌ರುವಾನ್ ಮುಖದಲ್ಲಿ ಅಪಾಯ ಅರಿವಾದದ್ದು ನನಗೆ ಕಾಣಿಸಿತು. “ಯಾವ್ದೂ ಇಲ್ಲ ಬಿಡು.”

“ಹಿತ್ತಲಿನ ಮರ ನನ್ನದು ಅಂತ ಅಪ್ಪ ಹೇಳಿದ್ರು. ಹಣ್ಣು ಏನು ಮಾಡ್ತೀಯ ಅದರದ್ದು?”

“ತಿಂತೀನಿ.”

“ಅಷ್ಟೂನಾ?”

“ಒಂದಷ್ಟು ಉರೈ ಕೊಂಡ್ಕೋತಾಳೆ.”

“ನನ್ನ ಹಣ್ಣು ಮಾರ್ತೀಯಾ! ಹದಿನಾಲ್ಕು ವರ್ಷದಿಂದ!”

“ಕೊಳೆಯೋಕೆ ಬಿಡ್ಲಾ ಮತ್ತೆ? ನೀನು ಜಪಾನಿನಲ್ಲಿದ್ದೆ!”

ಈ ಗಲಾಟೆಗೆ ಒಳಗಿಂದ ಹಿರಿಯ ಭಿಕ್ಷು ಹೊರಗೆ ಬಂದರು. “ಯಾರದು?”

“ಜಪಾನಿನವರು ಸ್ವಾಮಿ” ಅಂದಳು ಬುನ್‌ರುವಾನ್, ಅಭ್ಯಾಸಬಲದಿಂದ.

ಭಿಕ್ಷುಗಳು ಇಬ್ಬರನ್ನೂ ನೋಡಿದರು. ಆ ಊರಿನವರೇ ಅವರು, ಸಾಯ್‌ಬುವಾ ಜೊತೆ ಒಂದೇ ಶಾಲೆಗೆ ಹೋದವರು ಅಂತ ಆಮೇಲೆ ಗೊತ್ತಾಯಿತು. “ಜಪಾನಿನವರಿಗೆ ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು ಅಂತ ಗೊತ್ತಿದೆ. ಬಾಯೀನೂ ಅಲ್ಲೇ ಬಿಟ್ಟು ಬರೋಕೆ ಹೇಳು. ಸಾಯ್‌ಬುವಾ, ಯಾವಾಗ ಬಂದೆಯಮ್ಮ?”

ಸಾಯ್‌ಬುವಾ ತಡಬಡಿಸಿ ಕೂತು ಅವರಿಗೆ ಕೈಮುಗಿದಳು. ಅವರು ಹರಸಿ ಒಳಗೆ ಹೋದರು. ಮುಗಿದ ಕೈ ಇನ್ನೂ ಹಾಗೇ ಇತ್ತು. ಅವಳು ಅದನ್ನು ಒಂದು ಗೇಣು ಅಕ್ಕನ ಕಡೆ ತಿರುಗಿಸಿ, ನೊಣ ಓಡಿಸುವಷ್ಟು ಬೇಗ ತಲೆ ಬಾಗಿಸಿ, ಕೈ ಇಳಿಸಿಬಿಟ್ಟಳು. ಬುನ್‌ರುವಾನ್ ನೋಡದವಳಂತೆ ಚಾವಣಿ ನೋಡುತ್ತಿದ್ದಳು. ಆದರೆ ಅವಳ ಕೈಯೂ ಎದೆಯ ಹತ್ತಿರ ಹೋಗಿ ಬಂದದ್ದನ್ನು ನಾನು ಕಂಡೆ.

“ನಡಿ, ಮರ ನೋಡ್ಬೇಕು ನಾನು” ಅಂದಳು ಸಾಯ್‌ಬುವಾ.

ಮರ ಬುನ್‌ರುವಾನ್ ಮನೆಯ ಹಿತ್ತಲಲ್ಲಿತ್ತು. ಅದು ನಮ್ಮ ಪಟ್ಟಿಯಲ್ಲಿರಲಿಲ್ಲ, ಆದರೂ ಹೋದೆವು. ಊಟ ಮಾಡದೆ ಹೋಗಕೂಡದು ಅಂತ ಅಕ್ಕ, ಇವಳ ಕೈಯ ಮೀನು ತಿಂದರೆ ಹೊಟ್ಟೆ ಕೆಡುತ್ತದೆ ಅಂತ ತಂಗಿ. ಮೀನಿನ ಸಾರಿಗೆ ಹುಣಸೆ ಮೊದಲೋ ಉಪ್ಪು ಮೊದಲೋ ಅನ್ನುವುದು ತೀರ್ಮಾನವಾಗುವ ಹೊತ್ತಿಗೆ ನಾನೂ ಪ್ರಯೂನ್ ಮಾಮನೂ ಬರಿ ಅನ್ನಕ್ಕೆ ಮೆಣಸಿನ ಚಟ್ನಿ ಕಲಸಿಕೊಂಡು ಊಟ ಮುಗಿಸಿದ್ದೆವು. ನಾಲ್ಕು ಗಂಟೆಗೆ, “ಹೊರಡೋಣವಾ ಅಜ್ಜಿ?” ಅಂತ ಕೇಳಿದೆ.

“ಇನ್ನೂ ಮಾತು ಮುಗಿದಿಲ್ಲ. ನೀನು ನಾಳೆ ಬಾ” ಅಂದಳು ಸಾಯ್‌ಬುವಾ.

ಭಾನುವಾರ ಬೆಳಿಗ್ಗೆ ಫೋನು ಬಂತು. “ಇವತ್ತು ಬರಬೇಡ.” ಸೋಮವಾರ ಮತ್ತೆ ಬಂತು. “ಫಾಂಗ್ ಹತ್ರ ನನ್ನ ನಾಲ್ಕು ಜೊತೆ ಬಟ್ಟೆ, ಮುಲಾಮು, ನನ್ನ ದಿಂಬು ಇಸ್ಕೊಂಡು ಬಾ. ಇವಳ ದಿಂಬು ಕಲ್ಲು ಇದ್ದಂಗಿದೆ.”

ಗುರುವಾರ ನಾನು, ಫಾಂಗ್, ದಿಂಬು ಮೂವರೂ ಹೋದೆವು. ಅಕ್ಕತಂಗಿಯರು ಹಿತ್ತಲಲ್ಲಿ ಮರದ ಕೆಳಗೆ ಎದುರುಬದುರು ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು. ತುರಿ ದಪ್ಪವಾಯಿತು ಅಂತ ಒಬ್ಬಳು, ನಿನ್ನ ಬುದ್ಧಿಯ ಹಾಗೆ ಅಂತ ಇನ್ನೊಬ್ಬಳು. ನಮ್ಮನ್ನು ನೋಡಿ ಇಬ್ಬರೂ ಒಟ್ಟಿಗೆ, “ನಿಂತ್ಕೊಂಡು ಏನು ನೋಡ್ತೀರಿ, ಆ ಪಾತ್ರೆ ಇತ್ಲಾಗೆ ಕೊಡಿ” ಅಂದರು.

“ಅಜ್ಜೀ, ಮನೆಗೆ ಯಾವಾಗ ಬರ್ತೀಯ?” ಅಂತ ಫಾಂಗ್ ಕೇಳಿದಳು.

“ನನ್ನ ಹಣ್ಣು ನಾನು ಎಣಿಸಿ ತಗೊಂಡು ಬರ್ತೀನಿ” ಅಂದಳು ಸಾಯ್‌ಬುವಾ, ತಲೆ ಎತ್ತದೆ. “ಹಣ್ಣಾಗಲಿ.”

ನಾನು ಮೇಲೆ ನೋಡಿದೆ. ಕಾಯಿಗಳು ಇನ್ನೂ ಹೆಬ್ಬೆರಳಿನಷ್ಟಿದ್ದವು.